ಕಣ್ಣು ಕುಕ್ಕದ ಬೆಳಕಿಗಾಗಿ ನೂರು ವರ್ಷ

ಕೆಲವು ದಶಕಗಳ ಹಿಂದೆ ಕರ್ನಾಟಕದ ರಸ್ತೆಗಳಲ್ಲಿ ಓಡಾಡುತ್ತಿದ್ದ ಅನೇಕ ಲಾರಿ, ಬಸ್ಸು, ಕಾರುಗಳ ಹೆಡ್‌ಲೈಟಿನ ಮೇಲೆ ಕಪ್ಪು ಗುರುತು ಇರುತ್ತಿತ್ತು. ಗಾಜಿನ ಮೇಲರ್ಧಕ್ಕೆ ಬಳಿದ ಬಣ್ಣ, ಇಲ್ಲವೇ ನಡುವೆ ಅಂಟಿಸಿದ ಕರಿ ಬೊಟ್ಟು. ಎದುರಿನಿಂದ ಬರುವ ಚಾಲಕನ ಕಣ್ಣು ಕುಕ್ಕಬಾರದು ಎಂಬ ಸದುದ್ದೇಶ ಇದರ ಹಿಂದಿತ್ತು. ಆದರೆ ಈ ಉಪಾಯ ರೋಗ ಒಂದು, ಮದ್ದು ಇನ್ನೊಂದು ಎಂಬಂತಿತ್ತು. ದೀಪ ಎಷ್ಟು ಪ್ರಖರವಾಗಿದೆ ಎಂಬುದಕ್ಕಿಂತ ಅದು ಎತ್ತ ನೋಡುತ್ತಿದೆ ಎಂಬುದೇ ಇಲ್ಲಿ ಮುಖ್ಯ. ಈ ನೋಟವನ್ನು ಕಾರ್ಖಾನೆಯಲ್ಲೇ ಕರಾರುವಾಕ್ಕಾಗಿ ಹೊಂದಿಸುವ ವಿದ್ಯೆ ಬೆಳೆದು ಬಂದ ಬಗೆ ಸ್ವಾರಸ್ಯಕರವಾದುದು.

ಮೋಟಾರು ಕಾರುಗಳು ಬಂದ ಹೊಸತರಲ್ಲಿ ಎಣ್ಣೆ ದೀಪಗಳೂ, ಕಾರ್ಬೈಡಿಗೆ ನೀರು ಹನಿಸಿ ಪಡೆದ ಅಸಿಟಿಲಿನ್ ಅನಿಲದ ದೀಪಗಳೂ ಬಳಕೆಯಲ್ಲಿದ್ದವು. ಅಮೆರಿಕದ ಕ್ಯಾಡಿಲಾಕ್ ಕಂಪನಿ 1912ರಲ್ಲಿ ಸ್ಟಾರ್ಟರ್ ಮತ್ತು ದೀಪ ಎರಡನ್ನೂ ನಡೆಸುವ ವಿದ್ಯುತ್ ವ್ಯವಸ್ಥೆಯನ್ನು ತನ್ನ ಕಾರಿನಲ್ಲಿ ಅಳವಡಿಸಿತು. ವಿದ್ಯುದ್ದೀಪಗಳು ಹರಡಿದಂತೆ ಬೆಳಕು ಹೆಚ್ಚಿತು. ಜೊತೆಗೆ ಎದುರಿನವರ ಕಷ್ಟವೂ ಹೆಚ್ಚಿತು.

1924ರಲ್ಲಿ ಒಸ್ರಾಮ್ ಕಂಪನಿಯ ‘ಬೈಲಕ್ಸ್’ ಬಲ್ಬು ಬಂತು. ಒಂದೇ ಬಲ್ಬಿನೊಳಗೆ ಎರಡು ತಂತಿಗಳು: ಒಂದು ದೂರದ ಬೆಳಕಿಗೆ, ಇನ್ನೊಂದು ಡಿಪ್ ಮಾಡಿದಾಗ ಉರಿಯಲು. ಡಿಪ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು. ಹೀಗಾಗಿ ಬೆಳಕು ಹಿಂದಿನ ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಪ್ರತಿಫಲಿಸಿ ರಸ್ತೆಯತ್ತ ಕೆಳಮುಖವಾಗಿ ಹೊರಡುತ್ತದೆ. ಕಪ್ಪು ಬಣ್ಣದ ವ್ಯಂಗ್ಯ ಇರುವುದು ಇಲ್ಲೇ. ಇಂಥ ದೀಪದಲ್ಲಿ ಡಿಪ್ ಬೆಳಕು ಹೊರಬರುವುದು ಗಾಜಿನ ಮೇಲರ್ಧದಿಂದ. ಅದಕ್ಕೆ ಬಣ್ಣ ಬಳಿದರೆ ಚಾಲಕನಿಗೆ ಬೇಕಾದ ಬೆಳಕೇ ಹೋಗುತ್ತದೆ. ಬಾಗಿ ಕುಳಿತ ದೀಪ ಮಾತ್ರ ಬಾಗಿಯೇ ಇರುತ್ತದೆ.

ಬಾಗುವಿಕೆ ಎಷ್ಟು ಸಣ್ಣದಾದರೂ ಸಾಕು ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ನೆಲದಿಂದ 65 ಸೆಂ.ಮೀ. ಎತ್ತರದಲ್ಲಿರುವ ಡಿಪ್ ದೀಪ ಶೇ 1ರಷ್ಟು ಇಳಿಜಾರಾಗಿದೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಇಳಿಯುತ್ತದೆ ಎಂದುಕೊಳ್ಳೋಣ. ಅದರ ಬೆಳಕಿನ ಅಂಚು 65 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಅದೇ ದೀಪ ಒಂದೇ ಒಂದು ಡಿಗ್ರಿ ಮೇಲೆದ್ದರೆ 60 ಮೀಟರ್ ದೂರದಲ್ಲಿ ಆ ಅಂಚು 110 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಅದು ಹೆಚ್ಚುಕಡಿಮೆ ಎದುರಿನ ಕಾರಿನ ಚಾಲಕನ ಕಣ್ಣಿನ ಮಟ್ಟ. ಒಂದು ಡಿಗ್ರಿ ಕೆಳಗಿಳಿದರೆ ಅಪಾಯ ಸ್ವಂತ ಚಾಲಕನಿಗೆ: ಬೆಳಕು 24 ಮೀಟರಿಗೇ ಮುಗಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ದೂರ ಕ್ರಮಿಸಲು ಒಂದೂವರೆ ಸೆಕೆಂಡೂ ಬೇಡ. ಕತ್ತಲಲ್ಲಿ ರಸ್ತೆ ದಾಟುತ್ತಿರುವ ಮನುಷ್ಯನೋ ದನವೋ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಈ ಒಂದು ಡಿಗ್ರಿಯನ್ನು ಹಿಡಿಯಲು ಅಮೆರಿಕ ಮತ್ತು ಯುರೋಪು ಬೇರೆ ಬೇರೆ ದಾರಿ ತುಳಿದವು. ಅಮೆರಿಕದಲ್ಲಿ 1940ರ ಮಾದರಿಗಳಿಂದ ಗಾಜು, ಕನ್ನಡಿ, ತಂತಿ ಎಲ್ಲವೂ ಒಂದೇ ಮುಚ್ಚಿದ ಘಟಕವಾಗಿರುವ ‘ಸೀಲ್ಡ್ ಬೀಮ್’ ದೀಪ ರೂಢಿಗೆ ಬಂತು. 1950ರ ದಶಕದ ಮಧ್ಯಭಾಗದಲ್ಲಿ ಅದರ ಗಾಜಿನ ಮೇಲೆ ಮೂರು ಸಣ್ಣ ಉಬ್ಬುಗಳು ಮೂಡಿದವು. ಆ ಮೂರು ಉಬ್ಬುಗಳಿಗೆ ತಾಗುವಂತೆ ರಸಮಟ್ಟವಿರುವ ಉಪಕರಣವನ್ನು ಕೂರಿಸಿ, ದೀಪ ಹೊತ್ತಿಸದೆ ಹಗಲಿನಲ್ಲೇ ಅದರ ದಿಕ್ಕನ್ನು ಸರಿಪಡಿಸಬಹುದಿತ್ತು. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡುವ ರೀತಿಯೇ ಇದು.

ಯುರೋಪಿನವರು ಬೆಳಕನ್ನೇ ನೋಡಿ ಹೊಂದಿಸುವ ಪದ್ಧತಿಗೆ ಅಂಟಿಕೊಂಡರು. ಅವರ ಡಿಪ್ ಬೆಳಕಿಗೆ ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಸ್ಪಷ್ಟವಾದ ಅಂಚು ಇತ್ತು. 1957ರಲ್ಲಿ ಈ ಅಂಚನ್ನು ರಸ್ತೆಬದಿಯ ಕಡೆಗೆ ಮಾತ್ರ ತುಸು ಮೇಲೇರಿಸಲಾಯಿತು. ಎದುರಿನವನಿಗೆ ತೊಂದರೆಯಿಲ್ಲದೆ ಪಾದಚಾರಿಗಳು, ಫಲಕಗಳು ಕಾಣಲಿ ಎಂಬುದು ಉದ್ದೇಶ. ಎಡಬದಿಯಲ್ಲಿ ಸಾಗುವ ಭಾರತದಲ್ಲಿ ಈ ಏರಿಕೆ ಎಡಕ್ಕೆ ಇರಬೇಕು, ಬಲಬದಿಯಲ್ಲಿ ಸಾಗುವ ದೇಶಗಳಲ್ಲಿ ಬಲಕ್ಕೆ. ಅಮೆರಿಕ ಕೂಡ 1997ರಲ್ಲಿ ಬೆಳಕಿನ ಅಂಚನ್ನು ನೋಡಿ ಹೊಂದಿಸುವ ದೀಪಗಳಿಗೆ ನಿಯಮದಲ್ಲಿ ಅವಕಾಶ ನೀಡಿತು.

ಕಾರ್ಖಾನೆಯಲ್ಲಿ ಈ ಕೆಲಸ ನಡೆಯುವುದು ಜೋಡಣೆಯ ಸಾಲಿನ ಕೊನೆಯಲ್ಲಿ. ಮೊದಲು ಚಕ್ರಗಳ ಅಲೈನ್‌ಮೆಂಟ್ ಆಗಬೇಕು. ಕಾರು ಯಾವ ದಿಕ್ಕಿಗೆ ಓಡುತ್ತದೆ ಎಂಬುದು ನಿಶ್ಚಯವಾಗದೆ ದೀಪವನ್ನು ಎತ್ತ ತಿರುಗಿಸುವುದು? ಟೈರುಗಳಲ್ಲಿ ಗಾಳಿ ಸಮನಾಗಿರಬೇಕು, ಸ್ಪ್ರಿಂಗುಗಳು ತಮ್ಮ ಸಹಜ ಮಟ್ಟಕ್ಕೆ ಇಳಿದಿರಬೇಕು. ನೆಲವಂತೂ ಸಮತಟ್ಟಾಗಿಯೇ ಇರಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿದ್ದು, ನೆಲದಲ್ಲಿ ಒಂದು ಸೆಂ.ಮೀ. ವ್ಯತ್ಯಾಸವಿದ್ದರೂ ಹೆಚ್ಚುಕಡಿಮೆ ಕಾಲು ಡಿಗ್ರಿ ತಪ್ಪಿದಂತೆ.

ಇಷ್ಟಾದ ಮೇಲೆ ದೀಪದ ಎದುರು ಪೆಟ್ಟಿಗೆಯೊಂದು ಬಂದು ನಿಲ್ಲುತ್ತದೆ. ಅದರ ಮುಂಭಾಗದಲ್ಲಿ ದೊಡ್ಡ ಮಸೂರ, ಒಳಗೆ ಪುಟ್ಟ ಪರದೆ. ಹತ್ತಾರು ಮೀಟರ್ ದೂರದ ಗೋಡೆಯ ಮೇಲೆ ಬೀಳಬೇಕಾದ ಬೆಳಕಿನ ಚಿತ್ರ ಈ ಪರದೆಯ ಮೇಲೆ ಮೂಡುತ್ತದೆ. ಹಿಂದೆ ಅದನ್ನು ಕೆಲಸಗಾರ ಕಣ್ಣಳತೆಯಿಂದ ನೋಡುತ್ತಿದ್ದ. ಆಧುನಿಕ ಕಾರ್ಖಾನೆಗಳಲ್ಲಿ ಕ್ಯಾಮೆರಾ ಮತ್ತು ಕಂಪ್ಯೂಟರ್ ಆ ಅಂಚನ್ನು ಅಳೆಯುತ್ತವೆ. ದೀಪದ ಹಿಂದಿನ ಸ್ಕ್ರೂಗಳನ್ನು ತಿರುಗಿಸಿ ಅಂಚನ್ನು ಗುರುತಿಗೆ ತರಲಾಗುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ಪ್ರಕಾರ 80 ಸೆಂ.ಮೀ.ಗಿಂತ ಕೆಳಗಿರುವ ಡಿಪ್ ದೀಪಗಳ ಆರಂಭಿಕ ಇಳಿಜಾರು ಶೇ 1ರಿಂದ ಶೇ 1.5ರ ನಡುವೆ ಇರಬೇಕು. ಆ ಅಂಕಿಯನ್ನು ವಾಹನದ ಮೇಲೆಯೇ ನಮೂದಿಸಬೇಕು.

1991ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಕ್ಸೆನಾನ್ ದೀಪಗಳು ಕಾಣಿಸಿಕೊಂಡವು. ಅನಂತರ ಎಲ್‌ಇಡಿ ಬಂತು. ಬೆಳಕು ತೀಕ್ಷ್ಣವಾದಷ್ಟೂ ಒಂದು ಡಿಗ್ರಿಯ ತಪ್ಪು ದುಬಾರಿಯಾಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿ ತುಂಬಿದರೆ ಕಾರಿನ ಮೂತಿ ಮೇಲೇಳುತ್ತದೆ. ಅನೇಕ ಕಾರುಗಳ ಸ್ಟಿಯರಿಂಗ್ ಬಳಿ 0, 1, 2, 3 ಎಂಬ ಅಂಕಿಗಳಿರುವ ಗುಂಡಿ ಇರುವುದು ಇದಕ್ಕಾಗಿಯೇ. ಹ್ಯಾಲೊಜೆನ್ ಬಲ್ಬಿನ ಜಾಗದಲ್ಲಿ ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬು ಸಿಕ್ಕಿಸಿದರಂತೂ ಬೆಳಕಿನ ಮೂಲವೇ ಸ್ಥಾನ ತಪ್ಪಬಹುದು. ಆಗ ಯಾವ ಸ್ಕ್ರೂ ತಿರುಗಿಸಿದರೂ ಅಂಚು ಸರಿಬಾರದು.

ಕಾರ್ಖಾನೆ ಕೂರಿಸಿದ ಲೆಕ್ಕ ಬಂಪರಿಗೆ ಬಿದ್ದ ಒಂದು ಪೆಟ್ಟಿನಿಂದಲೋ ಸ್ಪ್ರಿಂಗ್ ಬದಲಾವಣೆಯಿಂದಲೋ ತಪ್ಪಬಹುದು. ಪರೀಕ್ಷಿಸಲು ಸಮತಟ್ಟಾದ ಜಾಗ, 10 ಮೀಟರ್ ದೂರದಲ್ಲಿ ಒಂದು ಗೋಡೆ ಮತ್ತು ಸೀಮೆಸುಣ್ಣ ಸಾಕು. ಶೇ 1ರ ಇಳಿಜಾರಿನ ದೀಪವಾದರೆ, ಡಿಪ್ ಬೆಳಕಿನ ಅಂಚು ದೀಪದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಬೀಳಬೇಕು. ಬೀಳದಿದ್ದರೆ ಗ್ಯಾರೇಜಿನಲ್ಲಿ ಸರಿಪಡಿಸುವುದು ಕೆಲವೇ ನಿಮಿಷಗಳ ಕೆಲಸ. ಅದರ ಲಾಭ ಮಾತ್ರ ಎದುರಿನ ವಾಹನದಲ್ಲಿ ಬರುತ್ತಿರುವ ಅಪರಿಚಿತರಿಗೂ ಸಲ್ಲುತ್ತದೆ.