ಮತ್ತಿಗಿರಿಯ ಲಾಯ, ಆಲಂಬಾಡಿಯ ಪಟ್ಟಿ

ದನ ಬಿಡಿಸಿಕೊಂಡು ಬರಲು ಹೋಗಿ ಪ್ರಾಣ ಬಿಟ್ಟವರ ಕಲ್ಲುಗಳು ಧರ್ಮಪುರಿ, ಕೃಷ್ಣಗಿರಿ ಸೀಮೆಯಲ್ಲಿ ಹೇರಳವಾಗಿ ಸಿಕ್ಕಿವೆ. ಪಲ್ಲವರ ಕಾಲದವು, ಗಂಗರ ಕಾಲದವು, ನೊಳಂಬರ ಕಾಲದವು. ಕೆಲವುಗಳ ಮೇಲೆ ವಟ್ಟೆಳುತ್ತು ಲಿಪಿ, ಕೆಲವುಗಳ ಮೇಲೆ ಕನ್ನಡ. ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಹಲವು ಕಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ. ಕಥೆ ಬಹುಪಾಲು ಒಂದೇ: ಪಕ್ಕದ ಊರಿನವರು ತುರು ಹೊಡೆದುಕೊಂಡು ಹೋದರು, ಈತ ಬೆನ್ನಟ್ಟಿ ಹೋದ, ದನ ಮರಳಿದವು, ಈತ ಮರಳಲಿಲ್ಲ. ಸಂಕಟದಲ್ಲಿರುವ ಸಾಕುಪ್ರಾಣಿಯನ್ನು ಬಿಡಿಸಿ ತರುವ ಕೆಲಸಕ್ಕೆ ಸ್ವಯಂಸೇವೆಯ ಸಂಘಗಳು ಹುಟ್ಟಿದ್ದು ಈಚೆಗೆ. ಆ ಕೆಲಸಕ್ಕೆ ಜೀವ ಕೊಟ್ಟವರ ದಾಖಲೆ ಮಾತ್ರ ಈ ನೆಲದಲ್ಲಿ ಸಾವಿರ ವರ್ಷಕ್ಕಿಂತ ಹಳೆಯದು.

ದನವನ್ನಷ್ಟೇ ಅಲ್ಲ, ನಾಯಿಯನ್ನೂ ನೆನೆದ ಕಲ್ಲುಗಳಿವೆ. ಧರ್ಮಪುರಿಗೆ ಪೂರ್ವದ ಚೆಂಗಂ ಸೀಮೆಯ ಎಡುತ್ತನೂರಿನ ಪಲ್ಲವರ ಕಾಲದ ನಡುಗಲ್ಲಿನಲ್ಲಿ ವೀರನ ಪಕ್ಕದಲ್ಲಿ ಅವನ ನಾಯಿಯೂ ಇದೆ. ಮಂಡ್ಯ ಸೀಮೆಯ ಆತಕೂರಿನ ಶಾಸನ ಇನ್ನೂ ಸ್ವಾರಸ್ಯದ್ದು. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಮಣಲೇರ ಎಂಬ ವೀರ ತೋರಿದ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕು ಕೇಳು ಎಂದಾಗ ಅವನು ಊರು, ಹೊಲ, ಹೊನ್ನು ಯಾವುದನ್ನೂ ಕೇಳಲಿಲ್ಲ. ಗಂಗರ ಬೂತುಗನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಮುಂದೆ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಒಂದು ಪ್ರಾಣಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬೆಲೆಯಿಲ್ಲದೆ, ಪ್ರೀತಿಯಿಂದ ದಾಟಿದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ.

ರಾಜ್ಯಗಳು ದೊಡ್ಡದಾದ ಮೇಲೆ ಪ್ರಾಣಿಗಳ ಲೆಕ್ಕ ಇಲಾಖೆಗೆ ಹೋಯಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟೀಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ತೋಪು ಎಳೆಯುವ ಎತ್ತುಗಳೇ ಮೈಸೂರು ಸೈನ್ಯದ ಬೆನ್ನೆಲುಬು. ಧರ್ಮಪುರಿ, ಕೃಷ್ಣಗಿರಿಗಳನ್ನೊಳಗೊಂಡ ಬಾರಾಮಹಲ್ ಈ ಸೈನ್ಯ ಹಾಯುವ ದಾರಿಯಲ್ಲೇ ಇತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಯ ಕೈಸೇರಿತು, 1799ರಲ್ಲಿ ಅಮೃತ ಮಹಲಿನ ಹಿಂಡುಗಳೂ ಸೇರಿದವು. ಕಂಪನಿಯ ನಂತರದವರಿಗೆ ಆ ಹಿಂಡಿನ ಬೆಲೆ ಗೊತ್ತಾದದ್ದು ಅದನ್ನು ಕಳೆದುಕೊಂಡ ಮೇಲೆ. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ ಖರ್ಚು ಉಳಿಸಲು ಹಿಂಡನ್ನು ಒಡೆದು ಮಾರಿಸಿದ. ಒಂದಷ್ಟು ದನ ಈಜಿಪ್ಟಿನ ದೊರೆಗೂ ಹೋದವು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ, 1866ರಲ್ಲಿ ಅದೇ ಸರ್ಕಾರ ಅದೇ ತಳಿಯನ್ನು ಮತ್ತೆ ಹುಡುಕಿ ಕೂಡಿಸಬೇಕಾಯಿತು.

ಅಮೃತ ಮಹಲಿನ ಎತ್ತಿಗೆ ಹುಣಸೂರು ಹೇಗೋ, ಸೈನ್ಯದ ಕುದುರೆಗೆ ಹೊಸೂರು ಹಾಗೆ. ಇವತ್ತು ಕೃಷ್ಣಗಿರಿ ಜಿಲ್ಲೆಯಲ್ಲಿರುವ ಹೊಸೂರು 1965ರವರೆಗೆ ಸೇಲಂ ಜಿಲ್ಲೆಯದು, ಆಮೇಲೆ 2004ರವರೆಗೆ ಧರ್ಮಪುರಿಯದು. ಹೆಸರು ಎಷ್ಟು ಬದಲಾದರೂ ಹೊಸೂರು, ತಳಿ, ಡೆಂಕಣಿಕೋಟೆಗಳ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವ್ಯಾಪಾರದಲ್ಲಿ ಕಲೆಯುತ್ತವೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಆಸುಪಾಸಿನ ತಂಪು ಬಯಲು, ಕೈಗೆಟಕುವ ಹುರುಳಿ, ರಾಗಿ ಹುಲ್ಲು, ಪಕ್ಕದಲ್ಲೇ ಬೆಂಗಳೂರಿನ ದಂಡು. ಇಷ್ಟಿದ್ದ ಮೇಲೆ ಮದರಾಸು ಸೈನ್ಯ ತನ್ನ ಕುದುರೆ ಡಿಪೋವನ್ನು 1820ರ ದಶಕದಲ್ಲಿ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಹೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಹರವು 1,600 ಎಕರೆಗೂ ಹೆಚ್ಚು.

ಡಿಪೋಗೆ ಬರುತ್ತಿದ್ದ ಕುದುರೆಗಳಲ್ಲಿ ಆಸ್ಟ್ರೇಲಿಯದವೇ ಕಾಲಕ್ರಮದಲ್ಲಿ ಮೇಲುಗೈ ಪಡೆದವು. ನ್ಯೂ ಸೌತ್ ವೇಲ್ಸಿನಿಂದ ಹಡಗೇರಿ ಬರುತ್ತಿದ್ದುದರಿಂದ ಅವುಗಳಿಗೆ ವೇಲರ್ ಎಂದೇ ಹೆಸರಾಯಿತು. ಹಡಗಿನ ಕುಲುಕಾಟದಲ್ಲಿ ಬಡಕಲಾದ ಕುದುರೆಯನ್ನು ಇಲ್ಲಿಯ ಹವೆಗೆ, ಇಲ್ಲಿಯ ಹುರುಳಿಗೆ ಒಗ್ಗಿಸಿ, ಪಳಗಿಸಿ, ರೆಜಿಮೆಂಟಿಗೆ ಕಳಿಸುವುದು ಡಿಪೋದ ಕೆಲಸ. ಅಂದರೆ ಹೊಸ ಕುದುರೆ ಸೈನ್ಯದೊಳಗೆ ಹೋಗುವ ಬಾಗಿಲು ಮತ್ತಿಗಿರಿ. ಹೊರಗೆ ಬರುವ ಬಾಗಿಲು ಬೇರೆಯದೇ. ವಯಸ್ಸಾದ, ಕುಂಟಾದ, ಹಟಮಾರಿಯಾದ ಕುದುರೆಯನ್ನು ಪಟ್ಟಿಯಿಂದ ತೆಗೆದು ಹರಾಜು ಹಾಕುವುದು, ಹರಾಜಿಗೂ ಬಾರದ್ದನ್ನು ಗುಂಡಿಟ್ಟು ಕೊಲ್ಲುವುದು ಬ್ರಿಟಿಷ್ ಸೈನ್ಯದ ಪದ್ಧತಿ. ಹರಾಜಿನಲ್ಲಿ ಹೋದ ಕುದುರೆಗೆ ಮುಂದೆ ಜಟಕಾದ ನೊಗವೋ ಸಾಮಾನಿನ ಬಂಡಿಯೋ ಕಾದಿರುತ್ತಿತ್ತು. ಎರಡರಲ್ಲಿ ಯಾವುದು ದಯೆ ಎಂದು ಆಗಲೂ ಜಗಳವಿತ್ತು, ಈಗಲೂ ಇದೆ.

ಆ ಜಗಳ ಲೋಕಕ್ಕೆ ಕಂಡದ್ದು ಈಜಿಪ್ಟಿನಲ್ಲಿ. ಮೊದಲ ಮಹಾಯುದ್ಧಕ್ಕೆ ಹೋದ ಆಸ್ಟ್ರೇಲಿಯದ ಕುದುರೆಗಳ ಸಂಖ್ಯೆ ಲಕ್ಷ ದಾಟಿತ್ತು. ಊರಿಗೆ ವಾಪಸಾದದ್ದು ಒಂದೇ ಒಂದು, ಜನರಲ್ ಬ್ರಿಡ್ಜಸ್ ಅವರ ಸ್ಯಾಂಡಿ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಮೇಲೆ ಏರಿಹೋದವರು ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತು. ಹನ್ನೆರಡು ವರ್ಷ ಕಳೆದು, 1930ರಲ್ಲಿ, ಸೇನಾಧಿಕಾರಿಯೊಬ್ಬರ ಪತ್ನಿ ಡೊರೊತಿ ಬ್ರೂಕ್ ಕೈರೋಗೆ ಬಂದಾಗ ಆ ಕುದುರೆಗಳು ಕಲ್ಲಿನ ಬಂಡಿಗಳಿಗೆ ಕಟ್ಟಿಸಿಕೊಂಡು, ಮೂಳೆಚಕ್ಕಳವಾಗಿ ಇನ್ನೂ ದುಡಿಯುತ್ತಿದ್ದವು. 1931ರಲ್ಲಿ ಆಕೆ ಲಂಡನ್ನಿನ ಪತ್ರಿಕೆಗೆ ಬರೆದ ಕಾಗದಕ್ಕೆ ದುಡ್ಡು ಹರಿದುಬಂತು. ಮೂರು ವರ್ಷದಲ್ಲಿ ಸುಮಾರು 5,000 ಕುದುರೆಗಳನ್ನು ಆಕೆ ಕೊಂಡರು, 1934ರಲ್ಲಿ ಕುದುರೆಗಳಿಗೆಂದೇ ಆಸ್ಪತ್ರೆ ತೆರೆದರು. ಆದರೆ ಆ ಐದು ಸಾವಿರದಲ್ಲಿ ಹೆಚ್ಚಿನವಕ್ಕೆ ಆಕೆ ಕೊಡಲು ಸಾಧ್ಯವಾದದ್ದು ಕೆಲವು ದಿನಗಳ ಮೇವು, ನೆರಳು ಮತ್ತು ನೋವಿಲ್ಲದ ಸಾವು. ಪ್ರಾಣಿದಯೆಯ ಕರಪತ್ರಗಳು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಬಿಡಬಾರದು, ಮುದಿ ಕುದುರೆಯ ಹೊಣೆ ಹೊರುವುದೆಂದರೆ ಏನೆಂದು ತಿಳಿಸುವ ಭಾಗವೇ ಅದು.

ಮತ್ತಿಗಿರಿಯ ಡಿಪೋ 1924ರಲ್ಲಿ ಸೈನ್ಯದ ಕೈಬಿಟ್ಟು ಪಶುವೈದ್ಯ ಇಲಾಖೆಗೆ ಬಂತು. ಕುದುರೆ ಬೆಳೆಸಿದ ಬಯಲಿನಲ್ಲಿ ಕೆಂಪು ಸಿಂಧಿ ಹಸುಗಳು ಮೇಯತೊಡಗಿದವು. ಹೊಸೂರಿನ ಸಿಂಧಿ ಹಿಂಡಿಗೆ ಪಶುವಿಜ್ಞಾನದಲ್ಲಿ ಒಳ್ಳೆಯ ಹೆಸರಿದೆ, ಜಾಗ ಈಗಲೂ ಸರ್ಕಾರಿ ಜಾನುವಾರು ಫಾರಮ್ಮು. ಆದರೆ ಸಿಂಧಿ ಈ ನೆಲದ ತಳಿಯಲ್ಲ. ಈ ನೆಲದ ತಳಿ ಆಲಂಬಾಡಿ, ಅದು ಕಾಡಿನಲ್ಲಿತ್ತು.

ಆಲಂಬಾಡಿ ಎಂಬ ಊರು ಹೊಗೆನಕಲ್ಲಿನ ಆಸುಪಾಸಿನಲ್ಲಿ, ಕಾವೇರಿಯ ಕರ್ನಾಟಕದ ದಡದಲ್ಲಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದ ಜೊತೆ ಅದೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದನಕ್ಕೆ ಗಡಿ ಗೊತ್ತಿರಲಿಲ್ಲ. ಎರಡೂ ದಡದ ಕಾಡು, ಪೆನ್ನಾಗರ, ಡೆಂಕಣಿಕೋಟೆ, ಮಾದೇಶ್ವರನ ಬೆಟ್ಟದ ಕಡೆಯ ಗುಡ್ಡಗಳೆಲ್ಲ ಒಂದೇ ಮೇವು. ಹಳ್ಳೀಕಾರಿನ ದಾಯಾದಿಯಂತಿರುವ ಈ ದನದ್ದು ಬೂದುಗಪ್ಪು ಮೈ, ಹಿಂದಕ್ಕೆ ಬಾಗಿದ ಕೊಂಬು. ಹಾಲು ಕರುವಿಗೆ ಸಾಲುವಷ್ಟೇ, ಎತ್ತು ಮಾತ್ರ ಹೊಲಕ್ಕೂ ಗಾಡಿಗೂ ಗಟ್ಟಿ. ಪಕ್ಕದ ಈರೋಡ್ ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಬರಗೂರು ತಳಿಯ ಕಥೆಯೂ ಇಂಥದೇ, ಕೆಂಪು ಮೈಮೇಲೆ ಬಿಳಿ ಮಚ್ಚೆಯ ಚುರುಕು ದನ. ಕಾಡಿನೊಳಗೆ ಮುಳ್ಳುಬೇಲಿ ಹಾಕಿ ರಾತ್ರಿ ದನ ಕೂಡುವ ಜಾಗವೇ ಪಟ್ಟಿ. ಪಟ್ಟಿಯ ಆದಾಯ ಹಾಲಿನಿಂದಲ್ಲ, ಹೋರಿಕರುವಿನಿಂದ ಮತ್ತು ಗೊಬ್ಬರದಿಂದ.

ಈ ಸೀಮೆಯಲ್ಲಿ ಪ್ರಾಣಿಯೊಂದು ಹೊಸ ಮನೆ ಸೇರುವ ದಾರಿಗಳು ಹಲವು. ಒಂದು ಪಾಲಿಗೆ ಬಿಡುವುದು: ಉಳ್ಳವರ ಕಡಸನ್ನೋ ಮೇಕೆಯನ್ನೋ ಇಲ್ಲದವರು ಸಾಕುತ್ತಾರೆ, ಹುಟ್ಟಿದ ಮರಿ ಕರುಗಳಲ್ಲಿ ಇಬ್ಬರಿಗೂ ಪಾಲು. ದುಡ್ಡಿಲ್ಲದ ಮನೆಗೆ ಹಸು ಬರುತ್ತಿದ್ದುದು ಹೆಚ್ಚಾಗಿ ಹೀಗೇ. ಇನ್ನೊಂದು ಹರಕೆ: ಮಾದೇಶ್ವರನಿಗೋ ಬಸವಣ್ಣನಿಗೋ ಬಿಟ್ಟ ಹೋರಿಗೆ ಒಡೆಯನಿಲ್ಲ, ಊರೇ ಒಡೆಯ. ಅದು ರಾಗಿ ಪೈರಿಗೆ ಬಾಯಿ ಹಾಕಿದರೂ ಗದರಿಸಿ ಕಳಿಸುವರೇ ಹೊರತು ಕಟ್ಟಿಹಾಕುವುದಿಲ್ಲ. ತಮಿಳುನಾಡಿನ ದೇವಸ್ಥಾನಗಳಿಗೆ ಹೀಗೆ ಹರಕೆಯಾಗಿ ಬಂದು ಕೊಟ್ಟಿಗೆ ಮೀರಿದ ದನಗಳನ್ನು ಸ್ವಸಹಾಯ ಸಂಘದ ಹೆಂಗಸರಿಗೂ ಹಳ್ಳಿಗುಡಿಯ ಪೂಜಾರಿಗಳಿಗೂ ಸಾಕಲು ಕೊಡುವ ಏರ್ಪಾಡನ್ನು ಅಲ್ಲಿಯ ಧಾರ್ಮಿಕ ದತ್ತಿ ಇಲಾಖೆ ಮಾಡಿದೆ.

ಮೂರನೆಯದು ದೊಡ್ಡಿ. 1871ರ ಜಾನುವಾರು ಅತಿಕ್ರಮಣ ಕಾಯಿದೆ ಊರೂರಿಗೆ ಬಂದೀ ದೊಡ್ಡಿ ತಂದಿತು. ಬೆಳೆ ಮೇಯ್ದ ದನವನ್ನು ಅಲ್ಲಿ ಕೂಡುವುದು, ಒಡೆಯ ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳುವುದು, ಯಾರೂ ಬಾರದಿದ್ದರೆ ಡಂಗುರ ಹೊಡೆಸಿ ಹರಾಜು. ಕಾಯಿದೆ ಬಂದು ಐದು ವರ್ಷಕ್ಕೆ 1876–78ರ ಬರ ಬಂತು. ಸೇಲಂ ಜಿಲ್ಲೆಯ ಜನಸಂಖ್ಯೆ 1871ರ ಗಣತಿಯಲ್ಲಿ ಇಪ್ಪತ್ತು ಲಕ್ಷದ ಹತ್ತಿರವಿದ್ದದ್ದು 1881ರಲ್ಲಿ ಹದಿನಾರು ಲಕ್ಷಕ್ಕೆ ಇಳಿಯಿತು. ಮನುಷ್ಯರ ಗತಿಯೇ ಹೀಗಿದ್ದಾಗ ದನಗಳದ್ದು ಕೇಳುವುದೇ ಬೇಡ. ಬರ ಮುಗಿದು ನಾಲ್ಕು ವರ್ಷಕ್ಕೆ 1882ರ ಮದರಾಸು ಅರಣ್ಯ ಕಾಯಿದೆ ಬಂದು, ಬರಗಾಲದಲ್ಲಿ ದನಕ್ಕೆ ಕೊನೆಯ ಆಸರೆಯಾಗಿದ್ದ ಕಾಡಿಗೆ ಬೇಲಿ, ಪರವಾನಗಿ, ಮೇವಿನ ಶುಲ್ಕ ಹಾಕಿತು.

ಸಂಘ ಕಟ್ಟಿ ಪ್ರಾಣಿ ಕಾಯುವ ಕೆಲಸ ಈ ಕಡೆಗೆ ಪಟ್ಟಣಗಳಿಂದ ಬಂತು. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಒತ್ತಾಯದಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಮದರಾಸಿನಲ್ಲಿ ಶುರುವಾದಾಗ ಅವರೇ ಮೊದಲ ಅಧ್ಯಕ್ಷೆ. ಹೊಸೂರಿಗೆ ಹತ್ತಿರದ ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಸಂಸ್ಥೆ ಕಟ್ಟಿದವರು ಕ್ರಿಸ್ಟಲ್ ರೋಜರ್ಸ್. ದೆಹಲಿಯಲ್ಲಿ, ಬೀದಿ ಬದಿ ಸಾಯುತ್ತ ಬಿದ್ದಿದ್ದ, ಕಾಗೆಗಳು ಕಣ್ಣು ಕುಕ್ಕಿದ್ದ ಕುದುರೆಯೊಂದನ್ನು ಕಂಡು ಈ ಇಂಗ್ಲಿಷ್ ಹೆಂಗಸು ಲೋಕಸಂಚಾರ ಬಿಟ್ಟು ಇಲ್ಲೇ ನಿಂತರು. ಕೈರೋದಂತೆ ಇಲ್ಲೂ ಮೊದಲ ನೂಕು ಕೊಟ್ಟದ್ದು ದುಡಿದು ಸವೆದ ಕುದುರೆಯೇ. 1960ರ ಕಾಯಿದೆಯಡಿ ಬಂದ 2017ರ ನಿಯಮಗಳ ಪ್ರಕಾರ ಮೊಕದ್ದಮೆಯಲ್ಲಿ ವಶಪಡಿಸಿಕೊಂಡ ಜಾನುವಾರನ್ನು ಪಾಂಜರಪೋಳಕ್ಕೋ ಗೋಶಾಲೆಗೋ ಪ್ರಾಣಿ ಕಲ್ಯಾಣ ಸಂಸ್ಥೆಗೋ ಒಪ್ಪಿಸಬಹುದು. ಆ ಸಂಸ್ಥೆಗಳ ಅಂಗಳ ತುಂಬಿದಷ್ಟೂ, ಮನೆಗೆ ಕರೆದೊಯ್ದು ಸಾಕುವವರಿದ್ದಾರಾ ಎಂಬ ಹುಡುಕಾಟ ಹೆಚ್ಚುತ್ತದೆ.

ಕರ್ನಾಟಕ ಸರ್ಕಾರ 2022ರಲ್ಲಿ ತಂದ ಪುಣ್ಯಕೋಟಿ ದತ್ತು ಯೋಜನೆ ಬೇರೊಂದು ದಾರಿ ಹಿಡಿಯಿತು. ಆಗಿನ ಲೆಕ್ಕದಲ್ಲಿ ವರ್ಷಕ್ಕೆ 11,000 ರೂಪಾಯಿ ಕಟ್ಟಿದರೆ ಗೋಶಾಲೆಯ ಒಂದು ಹಸು ನಿಮ್ಮ ದತ್ತು, ಹಸು ಮಾತ್ರ ಅಲ್ಲೇ ಇರುತ್ತಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 30 ರೂಪಾಯಿ. ಸೆಗಣಿ ಬಾಚುವುದು, ಕೆಚ್ಚಲು ಬಾವಿಗೆ ಮದ್ದು, ಬೇಸಗೆಯ ಹುಲ್ಲಿನ ಚಿಂತೆ ಎಲ್ಲ ಬೇರೆಯವರದ್ದು. ನಗರದ ಮನೆಗೆ ಇದು ಒಪ್ಪುವ ಏರ್ಪಾಡೇ, ಆದರೆ ಇದು ದೇಣಿಗೆ. ಇದನ್ನು ದತ್ತು ಎಂದು ಕರೆಯುವುದು ಸ್ವಲ್ಪ ಉದಾರವಾಯಿತು. ಪಾಲಿಗೆ ಹಸು ಸಾಕಿದ ಡೆಂಕಣಿಕೋಟೆಯ ಕೂಲಿಯವಳಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕುದುರೆಯ ವಿಷಯದಲ್ಲಿ ಹೊಣೆ ಇನ್ನೂ ಉದ್ದ. ಚೆನ್ನಾಗಿ ನೋಡಿಕೊಂಡರೆ ಅದು ಇಪ್ಪತ್ತೈದು ವರ್ಷ ದಾಟಿ ಬದುಕುತ್ತದೆ, ಗೊರಸನ್ನು ಆಗಾಗ ಕತ್ತರಿಸಬೇಕು, ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ.

ಆಲಂಬಾಡಿಗೂ ಈಗ ಕೈ ಹಿಡಿಯುವವರು ಬೇಕಾಗಿದ್ದಾರೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಬೇಡಿಕೆ ಬಿತ್ತು, ಹಾಲಿನ ಡೇರಿಗೆ ಈ ಹಸು ಲೆಕ್ಕಕ್ಕಿಲ್ಲ. ತಮಿಳುನಾಡು ಸರ್ಕಾರ ಧರ್ಮಪುರಿ ಜಿಲ್ಲೆಯ ಕಾರಿಮಂಗಲದ ಬಳಿ ಆಲಂಬಾಡಿ ತಳಿಗೆ, ಬರಗೂರು ಬೆಟ್ಟದಲ್ಲಿ ಬರಗೂರು ತಳಿಗೆ ಸಂಶೋಧನಾ ಕೇಂದ್ರ ತೆರೆದಿದೆ. ಅದು ಒಳ್ಳೆಯದೇ. ಆದರೆ ಈ ದನ ಕಟ್ಟಿ ಮೇಯಿಸುವ ದನವಲ್ಲ, ಅಡ್ಡಾಡಿ ಮೇಯುವ ದನ. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ರಾಜ್ಯದ ಕಾಡುಗಳಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ, ಅದೇ ತಿಂಗಳು ಆ ಆದೇಶವನ್ನು ಹುಲಿ ಮೀಸಲು, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಸೀಮಿತಗೊಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿಲೋಮೀಟರ್ ಕಾಡು ಕಾವೇರಿ ದಕ್ಷಿಣ ಅಭಯಾರಣ್ಯವಾಯಿತು. ಆನೆ, ಹುಲಿಗಳ ದೃಷ್ಟಿಯಿಂದ ಅದು ಬೇಕಾಗಿದ್ದದ್ದೇ. ಆ ಕಾಡಿನಂಚಿನಲ್ಲಿ ಪಟ್ಟಿ ಕಟ್ಟಿ ಬದುಕಿದವರು ಮಾತ್ರ ಹಿಂಡು ಕಿರಿದು ಮಾಡುತ್ತಿದ್ದಾರೆ. ಒಂದೆರಡು ಹಸು ಇಟ್ಟುಕೊಂಡು ಮಿಕ್ಕವನ್ನು ಸಂತೆಗೆ ಹೊಡೆಯುತ್ತಾರೆ, ಅಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿ ಮೊದಲು ನೋಡುವುದು ಹಲ್ಲು, ಆಮೇಲೆ ಸುಳಿ.