ದೊಡ್ಡವರ ಕಾಮಿಕ್ಸ್: ನರ್ಮದೆಯ ಪುಸ್ತಕ, ಕೃಷ್ಣೆಯ ನೆನಪು

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕೂತವರಿಗೂ, ರಾತ್ರಿ ಹೊಲಕ್ಕ ನೀರು ಹಾಯಿಸ್ಕೋತ ಕೇಳೋರಿಗೂ ಸ್ವಾಗತ. ಇವತ್ತು ಒಂದು ಕಾಮಿಕ್ಸ್ ಪುಸ್ತಕದ ಇತಿಹಾಸ ಹೇಳ್ತೀನಿ. ದೊಡ್ಡವರ ಕಾಮಿಕ್ಸ್. ನಗಬೇಡ್ರಿ, ಹಾಸಿಗೆ ಕೆಳಗೆ ಮುಚ್ಚಿಡೋ ಪುಸ್ತಕದ ಮಾತಲ್ಲ ಇದು. ಮಕ್ಕಳಿಗೆ ಕೊಟ್ಟರೆ ಅರ್ಧ ಅರ್ಥವಾಗಿ, ದೊಡ್ಡವರಿಗೆ ಕೊಟ್ಟರೆ ರಾತ್ರಿ ನಿದ್ದೆ ಕೆಡಿಸೋ ಪುಸ್ತಕ.

ನನ್ನೂರು ಮೋರಟಗಿ, ಸಿಂದಗಿ ತಾಲೂಕು, ವಿಜಯಪುರ ಜಿಲ್ಲೆ. ಸಣ್ಣವನಿದ್ದಾಗ ನನಗೆ ಕಾಮಿಕ್ಸ್ ಅಂದ್ರೆ ಬಾಲಮಂಗಳ, ಬಾಲಮಂಗಳ ಅಂದ್ರೆ ಡಿಂಗ. ಅಪ್ಪ ಸಿಂದಗಿ ಸಂತೆಗೆ ಹೋದಾಗ ಒಂದು ಸಂಚಿಕೆ ತಂದರೆ ಓಣಿ ಹುಡುಗರೆಲ್ಲ ಅದನ್ನೇ ಸರದಿ ಮೇಲೆ ಓದೋದು. ಹೈಸ್ಕೂಲಿಗೆ ಬಂದ ಮೇಲೆ "ಇನ್ನೂ ಚಿತ್ರದ ಪುಸ್ತಕ ಓದ್ತೀಯೇನೋ?" ಅಂತ ಮನೆಯಲ್ಲಿ ಬೈದರು. ಬಿಟ್ಟೆ. ಚಿತ್ರ ಸಣ್ಣವರಿಗೆ, ಅಕ್ಷರ ದೊಡ್ಡವರಿಗೆ ಅಂತ ನಾನೂ ನಂಬಿಬಿಟ್ಟೆ.

ಹಾಗೆ ನಂಬಿದ್ದು ನಾನೊಬ್ಬನೇ ಅಲ್ಲ. ನಮ್ಮ ದೇಶದ ಕಾಮಿಕ್ಸ್ ಇತಿಹಾಸವೇ ಹೆಚ್ಚು ಕಡಿಮೆ ಹಾಗಿದೆ. ಅಮರ ಚಿತ್ರ ಕಥಾ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಸಿಂಡ್ರೆಲಾ ತರಹದ ವಿದೇಶಿ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಆಮೇಲೆ ಅನಂತ ಪೈ ಅವರ 'ಕೃಷ್ಣ' ಬಂದಾಗ ಅದಕ್ಕೆ ಸಿಕ್ಕ ಸಂಖ್ಯೆ 11. ಅಲ್ಲಿಂದ ಮುಂದೆ ದೇವರು, ರಾಜರು, ಸಂತರು ಬಂದರು. ಮನೆ ಮನೆಗೆ ಪುರಾಣ ಮುಟ್ಟಿತು. ಆದರೆ ಇವತ್ತಿನ ಜಗಳ, ಸರಕಾರದ ಯೋಜನೆ, ಜಮೀನು ಹೋದವರ ಮಾತು? ಅದಕ್ಕೆ ಆ ಚೌಕಗಳಲ್ಲಿ ಜಾಗ ಇರಲಿಲ್ಲ.

ಹೊರಗಿನ ಲೋಕದಲ್ಲಿ ಅಷ್ಟರಲ್ಲಿ ಗಾಳಿ ತಿರುಗಿತ್ತು. ಅಮೆರಿಕದ ಆರ್ಟ್ ಸ್ಪೀಗಲ್‌ಮನ್ 1980ರಿಂದ 'ಮೌಸ್' ಎಂಬ ಕಾಮಿಕ್ಸ್ ಅನ್ನು ಕಂತು ಕಂತಾಗಿ ತಂದರು. ಹಿಟ್ಲರನ ಸಾವಿನ ಶಿಬಿರದಿಂದ ಬದುಕಿ ಬಂದ ತನ್ನ ಅಪ್ಪನನ್ನು ಮಗ ಕೂರಿಸಿಕೊಂಡು ಕೇಳುವ ಕಥೆ ಅದು. ಅಲ್ಲಿ ಯಹೂದಿಗಳು ಇಲಿ, ನಾಜಿಗಳು ಬೆಕ್ಕು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಚಿತ್ರಕಥೆಯಲ್ಲಿ ಇತಿಹಾಸದ ಸಾಕ್ಷಿ ಹೇಳಬಹುದು ಅಂತ ಜಗತ್ತು ಒಪ್ಪಿಕೊಂಡಿತು.

ಎರಡು ವರ್ಷ ಬಿಟ್ಟು, 1994ರಲ್ಲಿ, ದೆಹಲಿಯಲ್ಲಿ ಒಂದು ತೆಳ್ಳನೆಯ ಕಪ್ಪು ಬಿಳುಪು ಪುಸ್ತಕ ಬಂತು. ಹೆಸರು 'ರಿವರ್ ಆಫ್ ಸ್ಟೋರೀಸ್', ಅಂದ್ರೆ ಕಥೆಗಳ ನದಿ. ಬರೆದು ಚಿತ್ರಿಸಿದವರು ಓರಿಜಿತ್ ಸೇನ್. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತವರು. ಪ್ರಕಟಿಸಿದ್ದು ದೊಡ್ಡ ಪ್ರಕಾಶಕರಲ್ಲ, 'ಕಲ್ಪವೃಕ್ಷ' ಎಂಬ ಪರಿಸರ ಸಂಘಟನೆ. ಇವತ್ತು ಇದನ್ನು ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಅಂತ ಕರೀತಾರೆ. ಆಗ ಹಾಗೆ ಕರೆಯೋರು ಯಾರಿದ್ರು? ಮಕ್ಕಳ ಪುಸ್ತಕ ಅಂದ್ರೆ ಮಕ್ಕಳದ್ದಲ್ಲ, ಕಾದಂಬರಿ ಅಂದ್ರೆ ಕಾದಂಬರಿಯೂ ಅಲ್ಲ.

ಪುಸ್ತಕದ ವಿಷಯ ನರ್ಮದಾ ಅಣೆಕಟ್ಟು. ಸರ್ದಾರ್ ಸರೋವರಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1961ರಲ್ಲಿ. ಕೆಲಸ ಜೋರಾಗಿದ್ದು ಎಂಬತ್ತರ ದಶಕದಲ್ಲಿ. ವಿಶ್ವಬ್ಯಾಂಕ್ 1985ರಲ್ಲಿ ಸಾಲ ಕೊಟ್ಟಿತು. ಮುಳುಗಡೆಯಾಗುವ ಆದಿವಾಸಿಗಳು, ರೈತರು ಮೇಧಾ ಪಾಟ್ಕರ್ ಅವರ ಜೊತೆ ಬೀದಿಗೆ ಬಂದರು. ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ, ಪುನರ್ವಸತಿ ಸರಿ ಇಲ್ಲ ಅಂತ ವರದಿ ಕೊಟ್ಟಿತು. 1993ರಲ್ಲಿ ಉಳಿದ ಸಾಲವೇ ಬೇಡ ಅಂತ ಭಾರತ ಸರಕಾರ ಹೇಳಿತು. ಈ ಗದ್ದಲದ ನಡುವೆ ಓರಿಜಿತ್ ಸೇನ್ ಕಣಿವೆಗೆ ಹೋಗಿ, ಅಲ್ಲಿನ ಜನರ ಜೊತೆ ಇದ್ದು, ನೋಡಿದ್ದನ್ನು ಚಿತ್ರಿಸಿದರು.

ಕಥೆ ಹೀಗಿದೆ. ವಿಷ್ಣು ಅನ್ನುವ ಯುವ ಪತ್ರಕರ್ತ ದೆಹಲಿಯವ. ಅಣೆಕಟ್ಟಿನ ಬಗ್ಗೆ ಲೇಖನ ಬರೀಬೇಕು. ಅವನಿಗೆ ಎದುರಾಗೋದು ರೆಲ್ಕು, ನಗರಕ್ಕೆ ಬಂದು ಮನೆಗೆಲಸ ಮಾಡುವ ಆದಿವಾಸಿ ಹೆಂಗಸು. ಅವಳು ಊರು ಯಾಕೆ ಬಿಟ್ಟಳು, ಅವರ ಕಾಡು ಹೆಂಗ 'ಸರಕಾರದ್ದು' ಆತು ಅಂತ ಹೇಳ್ತಾಳೆ. ಇನ್ನೊಂದು ಕಡೆ ಮಾಲ್ಗು ಗಾಯನ್ ಎಂಬ ಹಾಡುಗಾರ ತನ್ನ ತಂತಿವಾದ್ಯ ಹಿಡಿದು, ಕುಜುಮ್ ಚಂತು ಎಂಬ ಸೃಷ್ಟಿಯ ತಾಯಿ ಲೋಕ ಮಾಡಿದ ಕಥೆ ಹಾಡ್ತಾನೆ. ಆ ಹಾಡಿನೊಳಗಿಂದ ರೇವಾ ನದಿ ಹರಿದು ಬರುತ್ತೆ. ನರ್ಮದೆಯ ಇನ್ನೊಂದು ಹೆಸರೇ ರೇವಾ. ಪುಸ್ತಕಕ್ಕೆ ಮೂರು ಭಾಗ: ಒರತೆ, ನದಿ, ಸಮುದ್ರ.

ನಾನು ಫ್ಯಾನ್ ಆಗಿದ್ದು ಈ ಎರಡು ಕಥೆ ಕೂಡೋ ರೀತಿಗೆ. ವಿಷ್ಣುವಿನ ಪುಟಗಳಲ್ಲಿ ಗೆರೆ ಖಡಕ್ಕು, ಪೇಟೆ ತರಹ. ಹಾಡಿನ ಪುಟಗಳಲ್ಲಿ ಗೆರೆ ಮೆತ್ತಗೆ ಹರಿಯುತ್ತೆ. ಓದೋನಿಗೆ ಯಾರೂ 'ಇದು ಪುರಾಣ, ಇದು ಸುದ್ದಿ' ಅಂತ ಹೇಳೋದಿಲ್ಲ, ಕಣ್ಣಿಗೇ ತಿಳಿಯುತ್ತೆ. ಅಧಿಕಾರಿಯ ಭಾಷಣದಷ್ಟೇ ಜಾಗ ಹಾಡುಗಾರನಿಗೂ ಸಿಕ್ಕಿದೆ. ಸರಕಾರಿ ವರದಿಯಲ್ಲಿ ಇದು ಆಗೋದಿಲ್ಲ ನೋಡ್ರಿ. ಅಲ್ಲಿ ಎಕರೆಗೆ ಕಾಲಂ ಇರುತ್ತೆ, ಹಾಡಿಗೆ ಇರೋದಿಲ್ಲ.

ಈಗ ನೀವು ಕೇಳಬಹುದು: ಮೋರಟಗಿಯವನಿಗೆ ನರ್ಮದೆ ಯಾಕೋ? ಹೇಳ್ತೀನಿ.

ನಮ್ಮ ಜಿಲ್ಲೆಯೊಳಗೇ ಆಲಮಟ್ಟಿ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಕೆಳಗೆ ನಾರಾಯಣಪುರದ ಬಸವಸಾಗರ. ಅಲ್ಲಿಂದ ಹೊರಟ ಕಾಲುವೆಗಳ ನೀರು ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆ ಬಂತು. ಮಳೆ ನಂಬಿ ಜೋಳ, ತೊಗರಿ ಬಿತ್ತುತ್ತಿದ್ದ ನೆಲದಲ್ಲಿ ಕಬ್ಬು, ಹತ್ತಿ ಕಂಡವು. ನಮ್ಮ ಮನೆಯಲ್ಲಿ ನನ್ನನ್ನು ಕಾಲೇಜಿಗೆ ಕಳಿಸೋ ಶಕ್ತಿ ಬಂದದ್ದೂ ಆ ನೀರಿನಿಂದಲೇ. ಇದನ್ನ ಮುಚ್ಚಿಡೋದಿಲ್ಲ.

ಆದರೆ ನನ್ನ ಅವ್ವನ ತವರು ಕೊಲ್ಹಾರದ ಕಡೆ, ಆಗಿನ ಬಸವನ ಬಾಗೇವಾಡಿ ತಾಲೂಕು. ಕೊಲ್ಹಾರ ಅಂದ್ರೆ ಗಡಿಗೆ ಮೊಸರು ನೆನಪಾಗುತ್ತಲ್ಲ, ಅದೇ ಕೊಲ್ಹಾರ. ಹಳೇ ಊರು ಹಿನ್ನೀರಿಗೆ ಹೋಯಿತು. ಆಚೆ ದಂಡೆಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ನವನಗರ ಎದ್ದಿತು. ನನ್ನ ಆಯಿಯ ಊರೂ ನೀರಿನೊಳಗೆ. ಅಂದರೆ ಒಂದೇ ಮನೆಯಲ್ಲಿ ಅಪ್ಪನ ಹೊಲಕ್ಕೆ ನೀರು ಬಂತು, ಅವ್ವನ ತವರು ನೀರಾಗ ಹೋತು. ಇದನ್ನ ನಾವ್ಯಾರೂ ಊಟಕ್ಕೆ ಕೂತಾಗ ಮಾತಾಡಿದ್ದಿಲ್ಲ.

ಪುಸ್ತಕ ಬಹಳ ವರ್ಷ ಎಲ್ಲೂ ಸಿಗುತ್ತಿರಲಿಲ್ಲ. 2022ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಮರುಮುದ್ರಿಸಿತು, ಮುನ್ನುಡಿ ಅರುಂಧತಿ ರಾಯ್ ಅವರದ್ದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಾನು ಒಂದು ಪ್ರತಿ ಕೊಂಡೆ. ದೀಪಾವಳಿಗೆ ಆಯಿಯ ಮನೆಗೆ ಹೋದಾಗ ಚೀಲದಲ್ಲಿತ್ತು. ಪುಸ್ತಕ ಇಂಗ್ಲಿಷು, ಆಯಿಗೆ ಕನ್ನಡ ಅಕ್ಷರವೂ ಬರೋದಿಲ್ಲ. ಚಿತ್ರ ನೋಡಲಿ ಅಂತ ಕೊಟ್ಟೆ. ಪುಟ ತಿರುವುತ್ತಾ ನಾನು ನಮ್ಮ ಮಾತಿನಲ್ಲಿ ಕಥೆ ಹೇಳುತ್ತಾ ಹೋದೆ.

ರೆಲ್ಕು ಮಾತಾಡೋ ಪುಟಕ್ಕೆ ಬಂದಾಗ ಆಯಿ ಬೆರಳಿಟ್ಟಳು. "ಈ ಹುಡುಗ ಏನ್ ಮಾಡಾಕತ್ತಾನ?"

"ಆಕಿ ಹೇಳಾಕತ್ತಾಳ ಆಯಿ, ಅಂವ ಕೇಳಾಕತ್ತಾನ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಮ್ಮಲ್ಲಿಗೂ ಬಂದಿದ್ರಪಾ ಬರಕೊಳ್ಳಾಕ. ಗ್ವಾಡಿ ಅಳದ್ರು, ಗಿಡ ಎಣಿಸಿದ್ರು, ಬಾವಿ ಬರಕೊಂಡ್ರು. ಮಾತು ಮಾತ್ರ ಯಾರೂ ಬರಕೊಳ್ಳಲಿಲ್ಲ."

ಆವತ್ತು ರಾತ್ರಿ ಹನ್ನೊಂದರ ತನಕ ಹೇಳಿದಳು. ಹನುಮಪ್ಪನ ಗುಡಿ ಎಲ್ಲಿತ್ತು, ನದಿ ಇಳಿದಾಗ ಯಾವ ಕಲ್ಲು ಮೊದಲು ಕಾಣುತ್ತಿತ್ತು, ಬೀಸುವಾಗ ಯಾವ ಹಾಡು ಹಾಡುತ್ತಿದ್ದರು. ಮೂವತ್ತು ವರ್ಷದ ಮಾತು. ನನ್ನ ಅವ್ವನೂ ಅದರಲ್ಲಿ ಎಷ್ಟೋ ಮೊದಲ ಸಲ ಕೇಳಿದ್ದು.

ಹಾಗಂತ ಪುಸ್ತಕದ ಜೊತೆ ನನ್ನ ಜಗಳ ಇಲ್ಲ ಅಂತಲ್ಲ. ಅಭಿಮಾನಿ ಆದವನು ಜಗಳ ಆಡಲೇಬೇಕು. ಈ ಪುಸ್ತಕ ಮುಳುಗುವವರ ಪಕ್ಷ. ಅದನ್ನು ಅದು ಮರೆಮಾಚೋದೂ ಇಲ್ಲ. 'ಅಭಿವೃದ್ಧಿ' ಅನ್ನೋ ಮಂತ್ರಿ, ಅಧಿಕಾರಿಗಳು ಇಲ್ಲಿ ವ್ಯಂಗ್ಯಚಿತ್ರದ ಹಾಗೆ ಕಾಣುತ್ತಾರೆ. ನೀರಿಗಾಗಿ ಕಾದು ಕೂತ ಬರದ ನಾಡಿನ ರೈತನಿಗೆ, ಅಂದರೆ ನನ್ನ ಅಪ್ಪನಿಗೆ, ಅದರಲ್ಲಿ ಹೆಚ್ಚು ಜಾಗ ಇಲ್ಲ. ನನ್ನ ಅಪ್ಪ ಖಳನಾಯಕ ಅಲ್ರಿ. ಆದರೆ ಒಂದು ಮಾತು ಒಪ್ಪಿಕೊಂಡೆ: ಅಪ್ಪನ ಕಥೆಯನ್ನು ಎಲ್ಲ ಸರಕಾರಿ ಜಾಹೀರಾತೂ ಹೇಳಿದೆ. ಆಯಿಯ ಕಥೆ ಹೇಳಲಿಕ್ಕೆ ಒಂದು ಕಾಮಿಕ್ಸ್ ಬೇಕಾಯಿತು, ಅದೂ ಬೇರೆ ನದಿಯದ್ದು.

ಮತ್ತೆ ಇದು ಹಳೇ ಮಾತು ಅಂದ್ಕೋಬೇಡ್ರಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲೋ ಮಟ್ಟ 519.60 ಮೀಟರ್. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿತು. ಎತ್ತರ ಹೆಚ್ಚಾದರೆ ಇನ್ನಷ್ಟು ಹೊಲ, ಊರು ಹೋಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರ ನಿಗದಿ ಮಾಡಿತು: ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಹಿಂದಿನವರಿಗೆ ಸಿಕ್ಕದ್ದಕ್ಕೆ ಹೋಲಿಸಿದರೆ ದೊಡ್ಡ ಮೊತ್ತ. ಎಕರೆಗೆ ದರ ಬಂತು. ಆಯಿ ಹೇಳಿದ ಆ ಕಲ್ಲಿಗೆ, ಆ ಬೀಸುವ ಹಾಡಿಗೆ ಯಾವ ಕಾಲಂ?

2004ರಲ್ಲಿ ಸಾರನಾಥ್ ಬ್ಯಾನರ್ಜಿಯವರ 'ಕಾರಿಡಾರ್' ಬಂದಾಗ ಅದನ್ನೇ ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಅಂತ ಪ್ರಚಾರ ಮಾಡಿದರು. ಹತ್ತು ವರ್ಷ ಹಿಂದೆ ಬಂದಿದ್ದ ನದಿಯ ಪುಸ್ತಕ ಅಷ್ಟು ಮರೆತುಹೋಗಿತ್ತು. ಮುಳುಗಿದವರ ಪುಸ್ತಕವೂ ಮುಳುಗಿತ್ತು ಅನ್ನಿ. ಈಗ ತೇಲಿ ಬಂದಿದೆ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲೂ ಮುಳುಗಡೆ ಊರಿನ ಆಯಿ, ಮುತ್ಯಾ, ಕಾಕಾ ಯಾರಾದರೂ ಇರಬಹುದು. ಈಗ ಕೈಯಲ್ಲಿರೋ ಇದೇ ಫೋನಿನಾಗ ರೆಕಾರ್ಡ್ ಬಟನ್ ಒತ್ರಿ, ಎದುರಿಗೆ ಕೂತು ಕೇಳ್ರಿ. ಚಿತ್ರ ಬರೋರು ಇದ್ದರೆ ಹಳೇ ಊರಿನ ಒಂದು ನಕ್ಷೆ ಬರೀರಿ: ಗುಡಿ, ಬಾವಿ, ಕಟ್ಟಿ, ನದಿಗೆ ಇಳಿಯೋ ದಾರಿ. ನನಗೆ ಚಿತ್ರ ಬರೋದಿಲ್ಲ. ಆದರೂ ನೋಟ್‌ಬುಕ್ಕಿನಲ್ಲಿ ಚೌಕ ಎಳೆದು ಆಯಿಯ ಊರು ಬರೆದೆ. ಅವಳು ನೋಡಿ, "ಗುಡಿ ಇಷ್ಟು ಸಣ್ಣದಿರಲಿಲ್ಲೋ" ಅಂತ ಬೈದಳು. ಮುಂದಿನ ಸಲ ಊರಿಗೆ ಹೋದಾಗ ದೊಡ್ಡದು ಬರೀಬೇಕು.

ಬರ್ತೀನ್ರೀ. ಮುಂದಿನ ಕಂತಿನಲ್ಲಿ ಸಿಗೋಣ.