ಇಂಗ್ಲಿಷ್ ಇ-ಮೇಲ್: ಎಡವುವುದು ಸಣ್ಣ ಪದಗಳಲ್ಲಿ

ಮಂಜೇಶ್ವರ, ಉಪ್ಪಳ, ಕಾಸರಗೋಡು ಕಡೆಯ ಹುಡುಗರಿಗೆ ಭಾಷೆಗೇನೂ ಕಮ್ಮಿಯಿಲ್ಲ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಮಲಯಾಳಂ, ಶಾಲೆಯಲ್ಲಿ ಕನ್ನಡ. ಆದರೂ ದುಬೈಯ ಕಂಪೆನಿಗೆ ನಾಲ್ಕು ಸಾಲಿನ ಇಂಗ್ಲಿಷ್ ಇ-ಮೇಲ್ ಬರೆಯಬೇಕಾದಾಗ ಕೈ ತಡೆಯುತ್ತದೆ. ದೊಡ್ಡ ಪದಗಳ ಚಿಂತೆ ಬೇಡ, ಅವು ಮೊಬೈಲಿನಲ್ಲೇ ಸಿಗುತ್ತವೆ. ಎಡವಟ್ಟು ಆಗುವುದು ಸಣ್ಣ ಪದಗಳಲ್ಲಿ.

ವ್ಯಾಪಾರದಲ್ಲಿ ಹೆಚ್ಚು ಗೊಂದಲ ತರುವ ಜೋಡಿ ‘ಬೈ’ ಮತ್ತು ‘ಅಂಟಿಲ್’. ‘ಪೇ ಬೈ ಫ್ರೈಡೇ’ ಅಂದರೆ ಶುಕ್ರವಾರ ಕಡೆಯ ದಿನ, ಅದರೊಳಗೆ ಒಂದು ಸಲ ಕೊಟ್ಟು ಮುಗಿಸಬೇಕು. ‘ಓಪನ್ ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೂ ತೆರೆದೇ ಇರುತ್ತದೆ. ‘ಐ ವಿಲ್ ಸೆಂಡ್ ದಿ ಗೂಡ್ಸ್ ಅಂಟಿಲ್ ಫ್ರೈಡೇ’ ಎಂದು ಬರೆದರೆ, ಶುಕ್ರವಾರದವರೆಗೆ ಸರಕು ಕಳಿಸುತ್ತಲೇ ಇರುತ್ತೇನೆ ಎಂದಾಯಿತು! ಹಾಗೆಯೇ ‘ಇನ್ ಟೆನ್ ಡೇಸ್’ ಎಂದರೆ ಸಾಮಾನ್ಯವಾಗಿ ಹತ್ತು ದಿನ ಕಳೆದಾಗ. ಹತ್ತು ದಿನದ ಒಳಗೆ ಎನ್ನಬೇಕಿದ್ದರೆ ‘ವಿದಿನ್ ಟೆನ್ ಡೇಸ್’. ಸರಕು ಯಾವಾಗ ಬರುತ್ತದೆ ಎಂದು ಕಾಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಂಟರ್‌ವ್ಯೂನಲ್ಲಿ ಕಾಡುವುದು ‘ಸಿನ್ಸ್’. ಕನ್ನಡದಲ್ಲಿ ‘ಎರಡು ವರ್ಷದಿಂದ’, ‘2019ರಿಂದ’ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷ್‌ನಲ್ಲಿ ಹಾಗಲ್ಲ. ಎಷ್ಟು ಕಾಲ ಎಂಬುದಕ್ಕೆ ‘ಫಾರ್ ಟೂ ಇಯರ್ಸ್’, ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್ 2019’. ಅದರ ಹಿಂದೆ ‘ಐ ಆ್ಯಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್’ ಬರಬೇಕು. ‘ಯೆಸ್ಟರ್‌ಡೇ’ ಬಂದಲ್ಲಿ ಮಾತ್ರ ‘ಹ್ಯಾವ್’ ಬೇಡ: ‘ಐ ಪೇಯ್ಡ್ ಯೆಸ್ಟರ್‌ಡೇ’. ದಿನ ಹೇಳದಿದ್ದರೆ ‘ಐ ಹ್ಯಾವ್ ಪೇಯ್ಡ್’ ಸರಿ.

ಇನ್ನು ನಮ್ಮ ದೇಶದ ಇಂಗ್ಲಿಷ್. ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಹೊರದೇಶದವರ ಬಳಿ ‘ಔಟ್ ಆಫ್ ಸ್ಟೇಷನ್’ ಎಂದರೆ ರೈಲು ನಿಲ್ದಾಣ ಅಂದುಕೊಂಡಾರು, ‘ಔಟ್ ಆಫ್ ಟೌನ್’ ಸಾಕು. ‘ಐ ಪಾಸ್ಡ್ ಔಟ್ ಇನ್ 2020’ ಎಂದರೆ ಮೂರ್ಛೆ ಹೋದೆ ಎಂದೂ ಅರ್ಥವಾದೀತು. ‘ಐ ಗ್ರಾಜುಯೇಟೆಡ್’ ಎನ್ನಿ. ಬಿಲ್ ನೋಡಿ ‘ಐ ಹ್ಯಾವ್ ಎ ಡೌಟ್’ ಎಂದು ಬರೆದರೆ ಆತ ತನ್ನ ಮೇಲೇ ಗುಮಾನಿ ಎಂದು ಸಿಟ್ಟಾದಾನು. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ರಗಳೆ ಇಲ್ಲ.

ನುಡಿಗಟ್ಟುಗಳನ್ನು ರಾಶಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಎದುರಿನವರು ಹೇಳಿದ್ದು ಗೊತ್ತಾದರೆ ಸಾಕು. ‘ಇನ್ ದಿ ರೆಡ್’ ಅಂದರೆ ನಷ್ಟದಲ್ಲಿದೆ. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರಲ್ಲ, ಅದರಿಂದ ಬಂದದ್ದು. ಲಾಭಕ್ಕೆ ‘ಇನ್ ದಿ ಬ್ಲ್ಯಾಕ್’. ನಮ್ಮಲ್ಲಿ ಕಪ್ಪು ಹಣ ಎಂದರೆ ಬೇರೆಯೇ, ಅದನ್ನು ಇಲ್ಲಿಗೆ ತರಬೇಡಿ. ಬೇಸ್‌ಬಾಲ್ ಮೈದಾನದಿಂದ ಬಂದ ‘ಬಾಲ್‌ಪಾರ್ಕ್ ಫಿಗರ್’ ಬರೀ ಅಂದಾಜು, ಅದನ್ನು ಕೊಟೇಶನ್ ಎಂದು ನಂಬಿ ಸರಕು ತರಿಸಬಾರದು. ಗಿರಾಕಿ ‘ಲೆಟ್ ಮಿ ಸ್ಲೀಪ್ ಆನ್ ಇಟ್’ ಅಂದರೆ ನಾಳೆ ಯೋಚಿಸಿ ಹೇಳುತ್ತೇನೆ ಎಂದು, ಬೇಡ ಅಂದಂತಲ್ಲ.

ಕಡೆಗೆ ಲೆಕ್ಕ, ತಾರೀಕು. ಲಕ್ಷ, ಕೋಟಿ ತಿಳಿಯದವರಿಗೆ 10 ಲಕ್ಷವನ್ನು ‘ಒನ್ ಮಿಲಿಯನ್’, 1 ಕೋಟಿಯನ್ನು ‘ಟೆನ್ ಮಿಲಿಯನ್’ ಎಂದು ಬರೆಯಬೇಕು. 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇನ್‌ವಾಯ್ಸ್‌ನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.